ಬಿಆರ್‌ಎಸ್‌ಆರ್ ಅಂಕಿ ಕಲೆಹಾಕುವ ಬಗೆ: ಕರೆಂಟು, ಡೀಸೆಲ್, ನೀರು

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳು ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ವರದಿ (ಪರಿಸರ, ಸಮಾಜ, ಆಡಳಿತದ ವಿಚಾರದಲ್ಲಿ ಕಂಪನಿಯ ಹೊಣೆಗಾರಿಕೆಯ ವರದಿ) ಕೊಡುವುದು 2022-23ರಿಂದ ಕಡ್ಡಾಯ. ಅದರ 9 ಅಂಶಗಳ 'ಕೋರ್' ಭಾಗವನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು. ಇದು 2023-24ರಲ್ಲಿ ಮೊದಲ 150 ಕಂಪನಿಗಳಿಂದ ಶುರುವಾಗಿ, ವರ್ಷವರ್ಷಕ್ಕೆ 250, 500 ಎಂದು ಹಿಗ್ಗಿ, 2026-27ಕ್ಕೆ ಎಲ್ಲ 1000ಕ್ಕೂ ಅನ್ವಯ. ಪರಿಶೀಲಿಸುವ ಸಂಸ್ಥೆಯಿಂದಲೇ ವರದಿ ಬರೆಸಿಕೊಳ್ಳುವಂತಿಲ್ಲ.

ಮಾತಿನ ಭಾಗ ಹೇಗೋ ಆಗುತ್ತದೆ. ಕೈಕೊಡುವುದು ಅಂಕಿಗಳು. ಹಾಗಾಗಿ ಏಪ್ರಿಲ್‌ನಿಂದಲೇ ಪ್ರತಿ ಕಟ್ಟಡಕ್ಕೊಂದು ಶೀಟ್ ಇಟ್ಟು, ತಿಂಗಳಿಗೊಂದು ಸಾಲು ತುಂಬಿ, ಪಕ್ಕದಲ್ಲೇ ಬಿಲ್ಲಿನ ಸ್ಕ್ಯಾನ್ ಸೇರಿಸಿ.

ಬೆಸ್ಕಾಂ ಬಿಲ್ಲಿನಿಂದ ಯೂನಿಟ್ಟನ್ನೇ ತೆಗೆದುಕೊಳ್ಳಿ. ರೂಪಾಯಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಡಿಮ್ಯಾಂಡ್ ಚಾರ್ಜು, ತೆರಿಗೆ ಎಲ್ಲವೂ ಕರೆಂಟಾಗಿಬಿಡುತ್ತವೆ. 1000 ಯೂನಿಟ್ ಎಂದರೆ 3.6 ಗಿಗಾಜೂಲ್. ಹೊಗೆಯ ಲೆಕ್ಕಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಗುಣಾಂಕ ಬಳಸಿ, ಯಾವ ಆವೃತ್ತಿಯದೆಂದು ಬರೆದಿಡಿ. 20ನೇ ಆವೃತ್ತಿಯ 0.727 (ಯೂನಿಟ್‌ಗೆ ಕಿಲೋ) ಹಿಡಿದರೆ 1 ಲಕ್ಷ ಯೂನಿಟ್‌ಗೆ 72.7 ಟನ್ ಇಂಗಾಲದ ಡೈಆಕ್ಸೈಡ್. ಇದು ಸ್ಕೋಪ್ 2, ಅಂದರೆ ಕೊಂಡ ಕರೆಂಟಿನ ಹೊಗೆ.

ನಿಮ್ಮದೇ ಜನರೇಟರಿನ ಡೀಸೆಲ್ ಸ್ಕೋಪ್ 1ಕ್ಕೆ, ಅಂದರೆ ನಿಮ್ಮಲ್ಲೇ ನೇರವಾಗಿ ಹೊರಬೀಳುವ ಹೊಗೆಗೆ ಸೇರುತ್ತದೆ, ಲೀಟರಿಗೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್. ಕೊಂಡದ್ದನ್ನಲ್ಲ, ಸುಟ್ಟದ್ದನ್ನು ಬರೆಯಬೇಕು: ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ, ಕೊನೆಯ ದಾಸ್ತಾನು ಕಳೆಯಿರಿ. ಎಸಿಗೆ ತುಂಬಿಸಿದ ಗ್ಯಾಸೂ ಸ್ಕೋಪ್ 1ರದೇ. ಬಹಳ ಕಡೆ ಇದು ಬಿಟ್ಟೇಹೋಗುತ್ತದೆ, ಸರ್ವಿಸ್ ರಿಪೋರ್ಟಿನಲ್ಲಿ ಕಿಲೋ ಬರೆಸಿಕೊಳ್ಳಿ. ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲಿ ಬಾಡಿಗೆಗಿದ್ದರೆ ಮೇಂಟೆನೆನ್ಸ್ ಬಿಲ್ಲಿನಲ್ಲಿ ಬೆಸ್ಕಾಂ ಯೂನಿಟ್ಟೂ ಜನರೇಟರ್ ಯೂನಿಟ್ಟೂ ಒಂದಾಗಿರಬಹುದು. ಎರಡರ ಗುಣಾಂಕ ಬೇರೆ, ಆದ್ದರಿಂದ ಸಬ್‌ಮೀಟರ್ ರೀಡಿಂಗ್ ಪ್ರತ್ಯೇಕ ಕೇಳಿ.

ನೀರಿನಲ್ಲಂತೂ ಬೆಂಗಳೂರಿನವರು ಎಡವುವುದು ಟ್ಯಾಂಕರಿನಲ್ಲೇ. ಟ್ಯಾಂಕರ್ ನೀರು ಯಾರದೋ ಬೋರ್‌ವೆಲ್‌ನದಾದರೂ ನಿಮ್ಮ ಪಾಲಿಗೆ ಅದು 'ಅನ್ಯರಿಂದ ಪಡೆದ ನೀರು'. 'ಅಂತರ್ಜಲ' ಎನ್ನುವುದು ನಿಮ್ಮ ಸ್ವಂತ ಬೋರ್‌ವೆಲ್‌ಗೆ ಮಾತ್ರ. 12,000 ಲೀಟರಿನ ಟ್ಯಾಂಕರ್ 12 ಕಿಲೋಲೀಟರ್. ಚೀಟಿಯಲ್ಲಿ ಗಾಡಿ ನಂಬರು, ಅಳತೆ, ಸಹಿ ಮೂರೂ ಇರಲಿ; 'ನೀರು 2 ಲೋಡ್' ಎಂದಷ್ಟೇ ಗೀಚಿದ ವೋಚರನ್ನು ಪರಿಶೀಲಕರು ಒಪ್ಪುವುದಿಲ್ಲ. ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಿಸುವ ಘಟಕದಿಂದ) ಮರುಬಳಸಿದ ನೀರನ್ನು ಹೊಸದಾಗಿ ಪಡೆದ ನೀರಿಗೆ ಕೂಡಿಸಬೇಡಿ.

ಎಕ್ಸ್‌ಬಿಆರ್‌ಎಲ್ ಕಡತ (ಕಂಪ್ಯೂಟರ್ ಓದಬಲ್ಲ ರೂಪದ ವರದಿ) ಸಲ್ಲಿಸುವ ಮುನ್ನ ತೀವ್ರತೆಯ ಸಾಲನ್ನು, ಅಂದರೆ ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಬಳಕೆ ಎಂಬುದನ್ನು, ಇನ್ನೊಮ್ಮೆ ನೋಡಿ. ಅಲ್ಲಿ ಭಾಗಿಸಬೇಕಾದದ್ದು ರೂಪಾಯಿಯಲ್ಲಿರುವ ವಹಿವಾಟಿನಿಂದ. ಕೋಟಿಯಲ್ಲಿ ಭಾಗಿಸಿದರೆ ಉತ್ತರ 1 ಕೋಟಿ ಪಟ್ಟು ಹಿಗ್ಗುತ್ತದೆ.