ಮನೆಯೊಳಗೆ ನೀರು ನುಗ್ಗಿದಾಗ: ವಿಮೆ ಕ್ಲೇಮಿನ ಬಗ್ಗೆ ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ಇಟ್ಟಿಗೆ, ಸಿಮೆಂಟಿನ ಮನೆಗಳಲ್ಲಿ ಬೆಳೆದ ನಾವು ನೆಲದ ಮೇಲೆ ನೀರು ಹರಿದರೆ ಬಳಿದು, ಒರೆಸಿ, ಕಿಟಕಿ ತೆರೆದಿಟ್ಟು ಸುಮ್ಮನಾಗುತ್ತೇವೆ. ಇಲ್ಲಿನಂತೆ ಮರದ ಚೌಕಟ್ಟಿಗೆ ಡ್ರೈವಾಲ್ (ಕಾಗದ ಅಂಟಿಸಿದ ಜಿಪ್ಸಮ್ ಹಲಗೆ) ಹೊದಿಸಿ ಕಟ್ಟಿದ ಮನೆಗಳಲ್ಲಿ ಅಷ್ಟು ಸಾಲದು. ಡ್ರೈವಾಲಿನ ಜಿಪ್ಸಮ್ಮೂ ಅದಕ್ಕಂಟಿದ ಕಾಗದವೂ ನೀರನ್ನು ಬುಡದಿಂದ ಮೇಲಕ್ಕೆ ಹೀರಿಕೊಳ್ಳುತ್ತವೆ. ನೆಲ ಒಣಗಿದಂತೆ ಕಂಡರೂ ಗೋಡೆಯೊಳಗೆ ತೇವ ಉಳಿದು, 24ರಿಂದ 48 ಗಂಟೆಗಳಲ್ಲಿ ಬೂಷ್ಟು ಹುಟ್ಟಿಕೊಳ್ಳಬಹುದು.

ಮೊದಲು ಮನೆಗೆ ಬರುವ ನೀರಿನ ಮೇನ್ ವಾಲ್ವ್ ಮುಚ್ಚಿ. ಅದು ಎಲ್ಲಿದೆ ಎಂಬುದನ್ನು ಮನೆಗೆ ಬಂದ ದಿನವೇ ನೋಡಿಟ್ಟುಕೊಂಡಿರಬೇಕು. ನೀರು ವಿದ್ಯುತ್ ಸಾಕೆಟ್‌ಗಳ ಮಟ್ಟಕ್ಕೆ ಬಂದಿದ್ದರೆ ಆ ಕೋಣೆಗೆ ಕಾಲಿಡಬೇಡಿ. ಅಪಾಯವಿಲ್ಲವೆಂದು ಖಚಿತವಾದ ಮೇಲೆ, ಏನನ್ನೂ ಒರೆಸುವ ಮೊದಲು, ನೀರು ಬಂದ ಜಾಗ, ಗೋಡೆಯ ಮೇಲಿನ ತೇವದ ಗೆರೆ, ನೆನೆದ ಸಾಮಾನು, ಎಲ್ಲವನ್ನೂ ಫೋಟೋ ಮತ್ತು ವಿಡಿಯೊ ತೆಗೆದಿಟ್ಟುಕೊಳ್ಳಿ. ನಂತರ ತಡಮಾಡದೆ ವಿಮಾ ಕಂಪನಿಗೆ ತಿಳಿಸಿ, ಒಣಗಿಸುವ ಕೆಲಸ ಆರಂಭಿಸಿ. ಅಡ್ಜಸ್ಟರ್ (ಹಾನಿಯನ್ನು ಪರಿಶೀಲಿಸಿ ಅಂದಾಜಿಸಲು ವಿಮಾ ಕಂಪನಿ ಕಳುಹಿಸುವವರು) ಬರುವವರೆಗೆ ಏನನ್ನೂ ಮುಟ್ಟಬಾರದು ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಬಹಳವಿದೆ. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಕರ್ತವ್ಯವೆಂದು ಸಾಮಾನ್ಯವಾಗಿ ಪಾಲಿಸಿಯಲ್ಲೇ ಬರೆದಿರುತ್ತದೆ; ಫ್ಯಾನು, ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್‌ಗಳ ಬಾಡಿಗೆಯ ರಸೀದಿಗಳನ್ನು ಕ್ಲೇಮಿಗೆ ಸೇರಿಸಬಹುದು. ಶಾಶ್ವತ ದುರಸ್ತಿಗೆ ಮಾತ್ರ ಅಡ್ಜಸ್ಟರ್ ಪರಿಶೀಲನೆ ಮುಗಿಯುವವರೆಗೆ ಕಾಯಬೇಕು.

ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ನಿನ ಹೋಸ್ ಒಡೆದಾಗ, ಪ್ಲಂಬರ್ ಹಳೆಯದನ್ನು ಕಸದ ಬುಟ್ಟಿಗೆ ಎಸೆಯುವುದರಲ್ಲಿದ್ದರು. ನನ್ನ ಹೆಂಡತಿ ಅದನ್ನು ಕೇಳಿ ತೆಗೆದುಕೊಂಡು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೇಲೆ ತಾರೀಖು ಬರೆದಳು. ವಾರದ ನಂತರ ಬಂದ ಅಡ್ಜಸ್ಟರ್ ಮೊದಲು ಕೇಳಿದ್ದೇ ಅದನ್ನು. ರಬ್ಬರಿನ ಸೀಳು ಹೊಸದಾಗಿತ್ತು, ಸುತ್ತ ತುಕ್ಕಾಗಲಿ ಹಳೆಯ ಕಲೆಯಾಗಲಿ ಇರಲಿಲ್ಲ. ಆ ತುಂಡು ಕೈಯಲ್ಲಿರದಿದ್ದರೆ ನಮ್ಮ ಮಾತಿಗೆ ಬೇರೆ ಸಾಕ್ಷಿಯೇ ಇರುತ್ತಿರಲಿಲ್ಲ.

ಏಕೆಂದರೆ ಕ್ಲೇಮಿನ ಜೀವಾಳವಿರುವುದು ಒಂದೇ ಪ್ರಶ್ನೆಯಲ್ಲಿ: ನೀರು ಹಠಾತ್ತನೆ ಬಂತೋ, ಅಥವಾ ತಿಂಗಳುಗಟ್ಟಲೆ ಜಿನುಗಿತೋ? ಇದ್ದಕ್ಕಿದ್ದಂತೆ ಒಡೆದ ಪೈಪಿನ ಹಾನಿಯನ್ನು ಮನೆ ವಿಮೆ ಸಾಮಾನ್ಯವಾಗಿ ಭರಿಸುತ್ತದೆ. ನಿರ್ಲಕ್ಷ್ಯದಿಂದ ನಿಧಾನವಾಗಿ ಬೆಳೆದ ಸೋರಿಕೆಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಆದ್ದರಿಂದ ಫೋನಿನಲ್ಲಿ ಮಾತನಾಡುವಾಗ ಕಂಡದ್ದನ್ನಷ್ಟೇ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. "ಬಹುಶಃ ಮೊದಲಿನಿಂದಲೂ ಸೋರುತ್ತಿತ್ತೇನೋ" ಎಂದು ಸೌಜನ್ಯಕ್ಕೆ ಆಡಿದ ಊಹೆಯ ಮಾತೂ ಕಡತ ಸೇರುತ್ತದೆ. ಚರಂಡಿ ನೀರು ಹಿಮ್ಮುಖವಾಗಿ ಮನೆಯೊಳಗೆ ನುಗ್ಗುವುದಕ್ಕೆ ಹಲವು ಪಾಲಿಸಿಗಳಲ್ಲಿ ಪ್ರತ್ಯೇಕ ಸೇರ್ಪಡೆ ಬೇಕು. ಹೊರಗಿನ ಪ್ರವಾಹದ ನೀರಿನ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆ ಅದನ್ನು ಒಳಗೊಳ್ಳುವುದಿಲ್ಲ, ಮತ್ತು 1968ರಲ್ಲಿ ಆರಂಭವಾದ ಅಲ್ಲಿನ ರಾಷ್ಟ್ರೀಯ ಪ್ರವಾಹ ವಿಮೆಯನ್ನು ಇಂದು ಕೊಂಡರೂ ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಹಿಡಿಯುತ್ತದೆ.

ಬಾಡಿಗೆಗಿರುವವರು ಗಮನಿಸಬೇಕು: ಮಾಲೀಕರ ವಿಮೆ ಕಟ್ಟಡಕ್ಕೆ ಮಾತ್ರ, ನಿಮ್ಮ ಸಾಮಾನಿಗಲ್ಲ.

ಹಣದ ಲೆಕ್ಕದಲ್ಲಿ ಮೊದಲು ಡಿಡಕ್ಟಿಬಲ್, ಅಂದರೆ ನೀವೇ ಭರಿಸಬೇಕಾದ ಪಾಲು, ಕಳೆಯುತ್ತಾರೆ. ಕೆಲವು ಪಾಲಿಸಿಗಳು ವಸ್ತುವಿನ ಸವಕಳಿಯನ್ನೂ ಕಳೆದು ಮೊದಲ ಕಂತು ಕೊಟ್ಟು, ದುರಸ್ತಿ ಮುಗಿಸಿ ಬಿಲ್ಲು ಸಲ್ಲಿಸಿದ ಮೇಲೆ ಉಳಿದದ್ದನ್ನು ಕೊಡುತ್ತವೆ. ಮೊದಲ ಚೆಕ್ ನೋಡಿ ಇಷ್ಟೇ ಎಂದು ನಿರಾಶರಾಗಿ ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಕ್ಲೇಮಿನ ಹಕ್ಕನ್ನೇ ತನಗೆ ಬರೆದುಕೊಡಿ ಎಂದು ಗುತ್ತಿಗೆದಾರ ಕಾಗದ ಮುಂದಿಟ್ಟರೆ, ಪೂರ್ತಿ ಓದಿ ಅರ್ಥಮಾಡಿಕೊಳ್ಳದೆ ಸಹಿ ಹಾಕಬೇಡಿ. ಅಡ್ಜಸ್ಟರ್ ಕೊಟ್ಟ ಅಂದಾಜುಪಟ್ಟಿಯನ್ನು ಕೋಣೆ ಕೋಣೆಯಲ್ಲೂ ನಿಂತು ತಾಳೆ ನೋಡಿ, ಬಿಟ್ಟುಹೋದದ್ದನ್ನು ಇಮೇಲಿನಲ್ಲೇ ತಿಳಿಸಿ. ದುರಸ್ತಿಗೆಂದು ಗೋಡೆ ಬಿಚ್ಚಿದಾಗ ಒಳಗೆ ಇನ್ನಷ್ಟು ಹಾನಿ ಕಂಡರೆ ಕೆಲಸ ನಿಲ್ಲಿಸಿ, ಫೋಟೋ ತೆಗೆದು, ಹೊಸ ಹಲಗೆಯಿಂದ ಮುಚ್ಚುವ ಮೊದಲೇ ಕಂಪನಿಗೆ ಕಳುಹಿಸಿ.