ಕಂಡಿ ಕಟ್ಟುವುದು, ಕಂಡಿ ಬಿಡುವುದು: ಮಳೆಗಾಲದ ಭತ್ತಕ್ಕೆ ಕಳೆ, ಗೊಬ್ಬರ, ನೀರು

ಜುಲೈ ತಿಂಗಳಲ್ಲಿ ನಮ್ಮ ಅಂಕೋಲಾ ಕಡೆ ಬಂದು ಯಾರಾದರೂ ನೀರಾವರಿಯ ಮಾತು ತೆಗೆದರೆ ನಗು ಬರುತ್ತದೆ. ನಮಗೆ ನೀರು ತರುವ ಚಿಂತೆಯಿಲ್ಲ, ಹೊರಗೆ ಕಳಿಸುವುದೇ ಕೆಲಸ. ಕಳೆಯೂ ಗೊಬ್ಬರವೂ ಅಂಚಿನ ಕಂಡಿಯ (ನೀರು ಹೊರಬಿಡುವ ಬಾಯಿಯ) ಮೇಲೇ ನಿಂತಿವೆ. ನನ್ನದು ಒಂದು ಎಕರೆ ಬೈಲುಗದ್ದೆ (ತಗ್ಗಿನ ಗದ್ದೆ), ಜಯಾ ತಳಿಯ ಭತ್ತ, ನಾಟಿ ಬೆಳೆ. ಲೆಕ್ಕವೆಲ್ಲ ಅದಕ್ಕೇ. ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವವರಿಗೆ ಇದು ಬೇಡ. ಅಲ್ಲಿ ಗೊಬ್ಬರವೂ ಇಲ್ಲ, ಕಳೆ ಕೀಳುವುದೂ ಇಲ್ಲ.

ನಾಟಿಗೆ ಮುಂಚೆ ಅಂಚಿನ ಮೇಲೆ ಒಂದು ಸುತ್ತು ಹಾಕಿ. ಏಡಿ ಬಿಲ ಕಂಡರೆ ಸುಮ್ನೆ ಮೇಲೆ ಮಣ್ಣು ಮುಚ್ಚಬೇಡಿ, ಮರುದಿನ ಮತ್ತೆ ಬಾಯಿ ಬಿಡುತ್ತದೆ. ಒಳಗೆ ಕೈ ಹಾಕಿ ಜಿಗುಟು ಮಣ್ಣು ತುರುಕಿ, ಕಲ್ಲು ಒತ್ತಿ, ಆಮೇಲೆ ಕೆಸರು ಮೆತ್ತಿ. ಗದ್ದೆ ಸಮ ಮಾಡುವಾಗಲೂ ಅವಸರ ಬೇಡ. ಎಲ್ಲಿ ನೆಲ ಉಬ್ಬಿ ನೀರಿನಿಂದ ಹೊರಗೆ ಕಾಣುತ್ತದೋ ಅಲ್ಲಿಂದಲೇ ಕಳೆ ಶುರು.

ಕಳೆನಾಶಕ ಹಾಕುವವರು ಬೆನ್‌ಸಲ್ಫ್ಯೂರಾನ್ ಮತ್ತು ಪ್ರೆಟಿಲಾಕ್ಲೋರ್ ಸೇರಿದ ಹರಳನ್ನು ನೆಟ್ಟ 3 ದಿನದೊಳಗೆ ಹಾಕಬೇಕು. ಎಕರೆಗೆ 4 ಕೆಜಿ, ಮರಳಿನಲ್ಲಿ ಬೆರೆಸಿ, ತೆಳುವಾಗಿ ನಿಂತ ನೀರಿಗೆ ಎರಚಿ. ಎರಡು ಮೂರು ದಿನ ಕಂಡಿ ಕಟ್ಟಿಯೇ ಇರಲಿ. ಮಳೆ ಹೊಯ್ದು ಅಂಚು ಮೀರಿ ನೀರು ಹರಿದರೆ ಔಷಧಿ ಕೆಳಗಿನ ಗದ್ದೆಯವನಿಗೆ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಆಕಾಶ ನೋಡಿ ಹಾಕಿ.

ನಾನು ಕೈಯಲ್ಲಿ ಕೀಳಿಸುವುದನ್ನೇ ಹೆಚ್ಚು ನಂಬುತ್ತೇನೆ. ನೆಟ್ಟು 20 ದಿನವಾದಾಗ ಒಮ್ಮೆ, 40 ದಿನದೊಳಗೆ ಇನ್ನೊಮ್ಮೆ. ಹೊಸಬರಿಗೆ ತೊಂದರೆ ಕೊಡುವುದು ಭತ್ತದಂತೆಯೇ ಕಾಣುವ ಕಾಡುಸಾವೆ. ಎಲೆ ಕಾಂಡಕ್ಕೆ ಕೂಡುವ ಜಾಗವನ್ನು ಬೆರಳಿನಿಂದ ಬಿಡಿಸಿ ನೋಡಿ. ಭತ್ತಕ್ಕೆ ಅಲ್ಲಿ ಬಿಳಿ ತೆಳು ಪೊರೆ, ಪಕ್ಕದಲ್ಲಿ ರೋಮವಿರುವ ಸಣ್ಣ ಕಿವಿ ಇರುತ್ತದೆ. ಕಾಡುಸಾವೆಗೆ ಎರಡೂ ಇಲ್ಲ, ಪೂರ್ತಿ ಬೋಳು. ಜೇಕು ಎಂಬ ಹುಲ್ಲಿನಂಥ ಕಳೆಯನ್ನು ಗುರುತಿಸುವುದು ಸುಲಭ. ದಂಟನ್ನು ಬೆರಳ ನಡುವೆ ಉರುಳಿಸಿದರೆ ಮೂರು ಮೂಲೆ ಸಿಗುತ್ತದೆ. ಆಳು ಸಿಗದಿದ್ದರೆ ನೆಟ್ಟ 15–20 ದಿನಕ್ಕೆ ಬಿಸ್ಪೈರಿಬ್ಯಾಕ್ ಕಳೆನಾಶಕ, ಎಕರೆಗೆ 80ರಿಂದ 100 ಮಿಲಿ. ನೀರು ಬಸಿದು, ಕಳೆಯ ಎಲೆ ಹೊರಗೆ ಕಾಣುವಾಗ ಸಿಂಪಡಿಸಿ. ಎರಡು ದಿನ ಬಿಟ್ಟು ಮತ್ತೆ ನೀರು ಕಟ್ಟಿ.

ಗೊಬ್ಬರಕ್ಕೆ ಬರೋಣ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ಚೀಟಿಯೇ ಪ್ರಮಾಣ. ನಾನು ಕೊಟ್ಟಿಗೆ ಗೊಬ್ಬರದ ಜೊತೆ ಕೊನೆಯ ಹೂಟಿಗೆ (ಉಳುಮೆಗೆ) ಡಿಎಪಿ (ಸಾರಜನಕ, ರಂಜಕದ ಗೊಬ್ಬರ) 50 ಕೆಜಿ, ಪೊಟ್ಯಾಷ್ 20 ಕೆಜಿ ಹಾಕುತ್ತೇನೆ. ತೆಂಡೆ (ಬುಡದ ಕವಲು) ಒಡೆಯುವಾಗ ಯೂರಿಯಾ 20 ಕೆಜಿ. ಹೊಡೆ (ಕಾಂಡದೊಳಗಿನ ಎಳೆ ತೆನೆ) ಮೂಡುವಾಗ ಯೂರಿಯಾ 20, ಪೊಟ್ಯಾಷ್ 20. ಪೊಟ್ಯಾಷನ್ನು ಎರಡು ಸಲ ಮಾಡುವುದು ಯಾಕೆಂದರೆ ನಮ್ಮ ಮಳೆಗೆ ಅದು ತೊಳೆದು ಹೋಗುತ್ತದೆ. ಒಂದೇ ಸಲ ಯೂರಿಯಾ ಸುರಿದರೆ ಗದ್ದೆ ಕಪ್ಪು ಹಸಿರಾಗಿ ನೋಡಲು ಚಂದ. ಆದರೆ ಬೆಂಕಿ ರೋಗಕ್ಕೆ (ಬ್ಲಾಸ್ಟ್) ಅಂಥ ಗದ್ದೆಯೇ ಇಷ್ಟ.

ಯೂರಿಯಾದ ಎರಡನೇ ಕಂತಿಗೆ ಪಂಚಾಂಗ ಬೇಡ. ನೆಟ್ಟು 40 ದಿನ ದಾಟಿದ ಮೇಲೆ ದಪ್ಪ ತೆಂಡೆಯೊಂದನ್ನು ಬುಡಸಮೇತ ಕಿತ್ತು, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಗಿಣ್ಣಿನ ಮೇಲೆ ಒಂದೆರಡು ಮಿಲಿಮೀಟರ್ ಉದ್ದದ ಬಿಳಿ ನವಿರು ತುದಿ ಕಂಡರೆ ಅದೇ ಎಳೆ ತೆನೆ. ಮೂರು ನಾಲ್ಕು ಕಡೆಯ ತೆಂಡೆಯಲ್ಲಿ ಕಂಡರೆ ಗೊಬ್ಬರ ತನ್ನಿ. ಹಿಂದಿನ ದಿನ ಕಂಡಿ ಬಿಡಿಸಿ ನೀರು ಇಳಿಸಿ, ಕೆಸರಿನ ಮೇಲೆ ಎರಚಿ, ಒಂದು ದಿನ ಬಿಟ್ಟು ಕಟ್ಟಿ. ಎಲೆ ಒದ್ದೆಯಿದ್ದಾಗ ಎರಚಿದರೆ ಹರಳು ಎಲೆಗೆ ಅಂಟಿ ಸುಡುತ್ತದೆ. ಬೆಳಗ್ಗೆ ಒಂಬತ್ತರ ಮೇಲೆ ಹೋಗಿ.

ಗುಡ್ಡದ ಒಸರು ಬೀಳುವ ಮೂಲೆಯಲ್ಲಿ ನೀರಿನ ಮೇಲೆ ಕೆಂಪು ಪೊರೆ ಕಟ್ಟಿ, ಹಳೆಯ ಎಲೆಯಲ್ಲಿ ಕಂದು ಚುಕ್ಕೆ ಬಂದರೆ ಕಬ್ಬಿಣ ಜಾಸ್ತಿ ಅಂತ ಅರ್ಥ. ಯೂರಿಯಾದಿಂದ ಅದು ಹೋಗುವುದಿಲ್ಲ. ಆ ಮೂಲೆಗೆ ಬಸಿಗಾಲುವೆ ತೆಗೆದು ಕೆಲವು ದಿನ ಗಾಳಿಯಾಡಲು ಬಿಡಿ.

ಉಳಿದ ಕಾಲ ಎರಡು ಇಂಚು ನೀರು ಸಾಕು. ಸೆಪ್ಟೆಂಬರಿನಲ್ಲಿ ಮಳೆ ಕೈಕೊಡುವ ಹೊತ್ತಿಗೇ ತೆನೆ ಹೊರಬರುವುದು, ಅಲ್ವಾ? ಆಗ ಮಾತ್ರ ಗದ್ದೆ ಒಣಗಬಾರದು, ಕಾಳು ಜೊಳ್ಳಾಗುತ್ತದೆ. ಹಳ್ಳದ ನೀರು ತಿರುಗಿಸುವ ಅನುಕೂಲವಿದ್ದರೆ ಆ ವಾರಗಳಿಗೆ ಮೀಸಲಿಡಿ. ಕೊಯ್ಲಿಗೆ 10–15 ದಿನ ಮೊದಲು ಎಲ್ಲ ಕಂಡಿ ಬಿಡಿಸಿ. ಕೊಯ್ಲು ಯಂತ್ರ ಕರೆಸುವವರಾದರೆ ಇನ್ನೂ ಮೊದಲೇ ಬಿಡಿಸಿ, ಕೆಸರಲ್ಲಿ ಹೂತರೆ ಅದರ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿರುತ್ತದೆ.