ಒಂಬತ್ತು ಪಾಲಿನ ಲೆಕ್ಕ

2016ರ ಡಿಸೆಂಬರ್ ಮೊದಲ ಶನಿವಾರ. ಹಳೆಯ 500, 1000ದ ನೋಟು ರದ್ದಾಗಿ ಇನ್ನೂ ತಿಂಗಳಾಗಿರಲಿಲ್ಲ. ಎರಡು ದಿನ ಎಟಿಎಂ ಮುಂದೆ ಪಾಳಿ ನಿಂತು ಹೊಸ 2000ದ ಎರಡು ನೋಟು ತಂದಿದ್ದೆ. ಮರುದಿನ ಚರ್ಚಿನ ಆರಾಧನೆಗೆ ಹೋಗುವಾಗ ಲಕೋಟೆಯಲ್ಲಿ ಹಾಕಬೇಕಿದ್ದ ದಶಮಾಂಶ ಅದು, ಅಂದರೆ ಗಳಿಕೆಯಲ್ಲಿ ದೇವರಿಗೆ ಕೊಡುವ ಹತ್ತನೇ ಪಾಲು. ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್. ಆಗ ಕೈಗೆ ಬರುತ್ತಿದ್ದ ಪಗಾರ 42,000. ಅದರಲ್ಲಿ 4,200 ದೇವರದು.

ಮನೆ ಹತ್ತಿರ ಕಿರಾಣಿ ಅಂಗಡಿಯವರು ಕರೆದರು. "ಸರ್, ಹೋಲ್‌ಸೇಲಿನವರು ರೊಕ್ಕ ಕೊಡದ ಮಾಲು ಬಿಡವಲ್ರು. ನಿಮ್ಮದೊಂದು ಸ್ವಲ್ಪ ನೋಡ್ರಿ." ನಮ್ಮ ಉದ್ರಿ 11,400 ಆಗಿತ್ತು. "ಮುಂದಿನ ತಿಂಗಳು ನೋಡೋಣ್ರಿ" ಅಂದು ಬಂದುಬಿಟ್ಟೆ. ಆ ಎರಡು ನೋಟು ಜೇಬಿನಲ್ಲೇ ಇದ್ದವು.

ರಾತ್ರಿ ಲಕೋಟೆಗೆ ದುಡ್ಡು ಹಾಕುತ್ತಿದ್ದಾಗ ಹೆಂಡತಿಗೆ ಈ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಲ್ರೀ, ಇದನ್ನ ನಾವು ಕೊಟ್ಟಂಗಲ್ಲ. ಅಂಗಡಿಯವರು ಕೊಟ್ಟಂಗಾತು" ಅಂದಳು.

ನಾನು ದಶಮಾಂಶ ತಪ್ಪಿಸಿದವನಲ್ಲ. ಅಪ್ಪ ಕಲಿಸಿದ್ದು ಅದು. ಪಗಾರ ಆದ ದಿನವೇ ಹತ್ತರಲ್ಲಿ ಒಂದು ಪಾಲು ಎತ್ತಿಡಬೇಕು, ಉಳಿದದ್ದರಲ್ಲಿ ಮನೆ ನಡೆಯಬೇಕು. ಆ ಉಳಿದದ್ದು ಹೇಗೆ ನಡೆಯುತ್ತಿದೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉದ್ರಿ ಬಿಟ್ಟರೆ ಭಾವನಿಂದ ಕೈಗಡ 25,000 ಇತ್ತು. ಹೆಂಡತಿಯ ಸರ ಅಡವಿಟ್ಟ ಸಾಲ 60,000. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಸಂಬಳ ಹತ್ತನೇ ತಾರೀಕು ದಾಟಿದ ಮೇಲೆಯೇ. ಇಷ್ಟೆಲ್ಲ ಇಟ್ಟುಕೊಂಡು ಪ್ರತಿ ತಿಂಗಳು ಲಕೋಟೆ ಕೊಟ್ಟು ನೆಮ್ಮದಿಯಿಂದ ಕೂರುತ್ತಿದ್ದೆ.

ಆ ರಾತ್ರಿ ಬೈಬಲಿನಲ್ಲಿ ಮಲಾಕಿಯ ಪುಸ್ತಕದ 3ನೇ ಅಧ್ಯಾಯ ತೆಗೆದೆ. ದಶಮಾಂಶದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಓದುವುದು, ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ ಅನ್ನುವ 10ನೇ ವಚನ. ನಾನು ಅಂದು ಮೊದಲಿನಿಂದ ಓದಿದೆ. 5ನೇ ವಚನದಲ್ಲಿ ಕೂಲಿಯವರ ಕೂಲಿಯಲ್ಲಿ ಮೋಸ ಮಾಡುವವರ ವಿರುದ್ಧ, ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರ ವಿರುದ್ಧ ತಾನೇ ಸಾಕ್ಷಿಯಾಗುತ್ತೇನೆ ಅಂತ ದೇವರು ಹೇಳುತ್ತಾನೆ. ಅದೇ ಅಧ್ಯಾಯ, ಐದೇ ವಚನ ಮೇಲೆ. ನಲವತ್ತು ವರ್ಷ ಸಭೆಯಲ್ಲಿ ಬೆಳೆದ ನನಗೆ ಅದು ಕಂಡಿರಲಿಲ್ಲ.

ಬೆಳಿಗ್ಗೆ ಆರಾಧನೆಗಿಂತ ಮೊದಲು ಅಂಗಡಿಗೆ ಹೋಗಿ 4,000 ಕೊಟ್ಟು ಬಂದೆ. ಯಜ್ಞವೇದಿಯ ಹತ್ತಿರ ಕಾಣಿಕೆ ಬಿಟ್ಟು, ಮೊದಲು ಸಹೋದರನ ಜೊತೆ ಸರಿ ಮಾಡಿಕೋ ಅಂತ ಯೇಸು ಹೇಳಿದ್ದಾನೆ. ಆವತ್ತು ನನಗೆ ತಿಳಿದ ಅರ್ಥ ಇಷ್ಟೇ.

ಆಮೇಲೆ ಆರು ತಿಂಗಳು ನಾವು ದಶಮಾಂಶ ಪೂರ್ತಿ ಕೊಡಲಿಲ್ಲ. ತಿಂಗಳಿಗೆ 1,000 ಕಾಣಿಕೆ ಹಾಕಿ, ಉಳಿದ 3,200 ಸಾಲಕ್ಕೆ ತಿರುಗಿಸಿದೆವು. ಇದನ್ನು ಮುಚ್ಚಿಡಲಿಲ್ಲ. ಸಭಾಪಾಲಕರ, ಅಂದರೆ ನಮ್ಮ ಪಾಸ್ಟರ್ ಮನೆಗೆ ಹೋಗಿ ಹೇಳಿದೆವು. ಅವರು ಪ್ರಾರ್ಥನೆ ಮಾಡಿ, "ಲೆಕ್ಕ ಬರೆದಿಡಿ" ಅಂದರು ಅಷ್ಟೇ. ದಶಮಾಂಶ ನಿಲ್ಲಿಸಲೇಬಾರದು, ನಂಬಿಕೆಯಿಂದ ಕೊಟ್ಟರೆ ಸಾಲವೂ ತೀರುತ್ತದೆ ಅನ್ನುವ ಹಿರಿಯರು ನಮ್ಮ ಸಭೆಯಲ್ಲಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ಬಡವರ ದುಡ್ಡು ತಡೆಹಿಡಿದು ಕೊಟ್ಟ ಕಾಣಿಕೆ ದೇವರಿಗೆ ಬೇಕಾಗಿಲ್ಲ ಅಂತ ನಾನು ಈಗಲೂ ನಂಬುತ್ತೇನೆ.

200 ಪುಟದ ಒಂದು ನೋಟ್‌ಬುಕ್ ತಂದೆವು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಪಗಾರದ ನಂತರದ ಭಾನುವಾರ ಊಟವಾದ ಮೇಲೆ ಗಂಡ ಹೆಂಡತಿ ಮಕ್ಕಳು ಎಲ್ಲರೂ ಕೂತು ಅದನ್ನು ಜೋರಾಗಿ ಓದುತ್ತೇವೆ. ಮೊದಲು ಲೂಕನ ಸುವಾರ್ತೆ 16ರ ಆ ಮಾತು: ನಿನ್ನ ಮನೆವಾರ್ತೆಯ ಲೆಕ್ಕ ಒಪ್ಪಿಸು. ಮನೆವಾರ್ತೆ ಅನ್ನುವ ಪದ ನನಗೆ ತುಂಬಾ ಇಷ್ಟ. ಯಜಮಾನ ಬೇರೆ, ನಾವು ನೋಡಿಕೊಳ್ಳುವವರು. ಹತ್ತರಲ್ಲಿ ಒಂದು ದೇವರದು, ಒಂಬತ್ತು ನಮ್ಮದು ಅನ್ನುವ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ. ಹತ್ತೂ ಅವನದೇ.

ಜೋರಾಗಿ ಓದುವುದು ಕಷ್ಟ. ಮೊದಲ ತಿಂಗಳು ನಾನು ಹೊರಗೆ ತಿಂದ ನಾಷ್ಟಾ, ಚಹಾ ಸೇರಿ 2,300 ಅಂತ ಓದುವಾಗ ಗಂಟಲು ಕಟ್ಟಿತು. ಅದರ ಮೇಲಿನ ಸಾಲಿನಲ್ಲೇ ಮನೆಗೆಲಸದ ಅಕ್ಕನ ಸಂಬಳ ಇತ್ತು, 1,800. ಯಾರೂ ಏನೂ ಅನ್ನಲಿಲ್ಲ. ಮುಂದಿನ ತಿಂಗಳಿನಿಂದ ಒಂದನೇ ತಾರೀಕಿಗೇ ಅವರ ಸಂಬಳ ಕೊಡಲು ಶುರು ಮಾಡಿದೆವು. ಎರಡು ತಿಂಗಳಿಗೆ ಅದನ್ನು 2,500 ಮಾಡಿದೆವು.

ಉದ್ರಿ ಫೆಬ್ರವರಿಗೆ ತೀರಿತು. ಏಪ್ರಿಲ್‌ನಲ್ಲಿ ಭಿಶಿ, ಅಂದರೆ ಪರಿಚಯದವರು ಸೇರಿ ಹಾಕುವ ಚೀಟಿ, ನಮ್ಮ ಪಾಳಿಗೆ ಬಂತು, 45,000. ಭಾವನ 25,000 ತೀರಿಸಿ ಉಳಿದದ್ದು ಸರದ ಸಾಲಕ್ಕೆ ಕಟ್ಟಿದೆವು. ಜೂನ್‌ನಿಂದ ದಶಮಾಂಶ ಮತ್ತೆ ಪೂರ್ತಿ. ಸರ ಮನೆಗೆ ಬಂದದ್ದು ಮಾತ್ರ 2018ರ ಕ್ರಿಸ್ಮಸ್ ಹೊತ್ತಿಗೆ.

ಸಾಲ ತೀರಿದ ಮೇಲೆ ಹೆಂಡತಿ ನೋಟ್‌ಬುಕ್ಕಿನಲ್ಲಿ ಒಂದು ಹೊಸ ಸಾಲು ಸೇರಿಸಿದಳು: ಹಕ್ಕಲು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿದ ಕಾಳು ಕಾಯಿಗೆ ಹಕ್ಕಲು ಅನ್ನುತ್ತಾರೆ. ಇದರ ಹಿಂದೆ ನಮ್ಮಜ್ಜಿ ಇದ್ದಾಳೆ. ಕುಂದಗೋಳದ ಕಡೆ ಹಳ್ಳಿಯಲ್ಲಿ ನಮಗೆ ಹೊಲ ಇರಲಿಲ್ಲ. ಬೇರೆಯವರು ಶೇಂಗಾ ಕಿತ್ತುಕೊಂಡು ಹೋದ ಮೇಲೆ ಅಜ್ಜಿ ಮಣ್ಣು ಕೆದರಿ ಉಳಿದ ಕಾಯಿ ಆರಿಸುತ್ತಿದ್ದಳು. ಸಣ್ಣವನಿದ್ದಾಗ ನಾನೂ ಜೊತೆಗೆ ಹೋಗಿದ್ದೇನೆ. ಕೆಲವು ಹೊಲದವರು ಎರಡೆರಡು ಸಲ ಕುಂಟೆ ಹೊಡೆದು ಒಂದು ಕಾಯಿಯೂ ಉಳಿಯದಂತೆ ನೋಡಿಕೊಳ್ಳುತ್ತಿದ್ದರು. ಇನ್ನೊಬ್ಬ ಗೌಡರು ಬದುವಿನ ಪಕ್ಕದ ಒಂದು ಸಾಲು ಕೀಳದೆ ಬಿಡುತ್ತಿದ್ದರು. ಅವರು ಬೈಬಲ್ ಓದಿದವರಲ್ಲ. ಆದರೆ ಯಾಜಕಕಾಂಡ 19ರಲ್ಲಿ, ಹೊಲದ ಮೂಲೆ ಕೊಯ್ಯಬೇಡ, ಹಕ್ಕಲು ಆರಿಸಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಅಂತ ಬರೆದದ್ದನ್ನು ನಾನು ಮೊದಲು ನೋಡಿದ್ದು ಅವರ ಹೊಲದಲ್ಲಿ. ಬೈಬಲಿನಲ್ಲಿ ಬರುವ ಬಡ ವಿಧವೆ ರೂತಳು ಆರಿಸಿದ್ದೂ ಹಕ್ಕಲನ್ನೇ. ಅವಳಿಗೋಸ್ಕರ ಸಿವುಡಿನಿಂದ ತೆನೆ ಎಳೆದು ಬೇಕಂತಲೇ ಬೀಳಿಸಿ ಅಂತ ಹೊಲದ ಯಜಮಾನ ಬೋವಜ ಆಳುಗಳಿಗೆ ಹೇಳಿದ್ದ.

ಪಗಾರದವರಿಗೆ ಹೊಲ ಎಲ್ಲಿ? ನಮಗೆ ತಿಂಗಳೇ ಹೊಲ. ಅದರ ಮೂಲೆಯಲ್ಲಿ 1,500 ಕೊಯ್ಯದೆ ಬಿಡುತ್ತೇವೆ. ಇದು ದಶಮಾಂಶವಲ್ಲ, ಉಳಿತಾಯವೂ ಅಲ್ಲ. ಯಾರಿಗೆ ಅಂತ ಮೊದಲೇ ಬರೆದಿರುವುದಿಲ್ಲ. ಕಾಯಿಪಲ್ಲೆ ಮಾರುವ ಅಜ್ಜಿಯ ಜೊತೆ ಚೌಕಾಸಿ ಮಾಡದೆ ಕೊಟ್ಟ ಐದು ಹತ್ತು ರೂಪಾಯಿ ಅದರಲ್ಲೇ ಹೋಗುತ್ತದೆ. ವಸ್ತುಗಳಿಗೂ ಇದೇ ಲೆಕ್ಕ. ನನ್ನ ಟೂಲ್ ಬಾಕ್ಸ್ ಓಣಿಯಲ್ಲಿ ಯಾರು ಕೇಳಿದರೂ ಕೊಡುತ್ತೇನೆ. ಒಳ್ಳೆಯ ಸ್ಪ್ಯಾನರ್ ಒಂದು ಹೋದದ್ದು ವಾಪಸ್ ಬರಲಿಲ್ಲ, ಅದನ್ನೂ ಹಕ್ಕಲಿಗೇ ಬರೆದೆವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ನನ್ನ ಪಗಾರ ನಿಲ್ಲಲಿಲ್ಲ. ಓಣಿಯಲ್ಲಿ ದಿನಗೂಲಿಯವರ ಮನೆಗಳು ಜಾಸ್ತಿ. ಅದೇ ಅಂಗಡಿಗೆ ಹೋಗಿ, ಉದ್ರಿ ಜಾಸ್ತಿಯಾಗಿ ಮಾಲು ಕೇಳಲು ನಾಚಿಕೊಳ್ಳುತ್ತಿರುವವರು ಯಾರಾದರೂ ಇದ್ದಾರೆಯೇ ಅಂತ ಕೇಳಿದೆ. ಅವರು ಪುಸ್ತಕ ತೆಗೆದು ಎರಡು ಪುಟ ತೋರಿಸಿದರು, ಹೆಸರಿನ ಮೇಲೆ ಕೈ ಮುಚ್ಚಿ. ಎರಡೂ ಕಟ್ಟಿದೆವು. ಇದೇನು ದುಡ್ಡು ಅಂತ ಅವರು ಕೇಳಿದಾಗ ಅಜ್ಜಿಯ ಶೇಂಗಾ ಹಕ್ಕಲಿನ ಕಥೆ ಹೇಳಿದೆ.

ಅಂದಿನಿಂದ ಪ್ರತಿ ವರ್ಷ ಕ್ರಿಸ್ಮಸ್‌ಗೆ ಮೊದಲು ಹಕ್ಕಲಿನಲ್ಲಿ ಉಳಿದದ್ದನ್ನು ಅಲ್ಲಿಗೆ ಒಯ್ಯುತ್ತೇವೆ. ಪುಟ ಆರಿಸುವವರು ಅವರೇ. ನಾವು ಹೆಸರು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಹೋದ ಡಿಸೆಂಬರಿನಲ್ಲಿ ತೆರೆದ ಪುಟದಲ್ಲಿ 2,860 ಇತ್ತು. ನಮ್ಮ ಹತ್ತಿರ ಇದ್ದದ್ದು 2,300. ಅವರು ಎಣಿಸಿ ಗಲ್ಲೆಗೆ ಹಾಕಿಕೊಂಡರು. ಆಮೇಲೆ ಪೆನ್ನು ತೆಗೆದು ಪೂರ್ತಿ ಪುಟಕ್ಕೆ ಗೀಟು ಎಳೆದರು.

"ಉಳಿದ 560 ನನ್ನ ಹೊಲದ ಹಕ್ಕಲರೀ ಸರ್" ಅಂದರು.